ತುಂಬದೆ ಉಳಿದ ಕಾಡತೂಸು

ಇಪ್ಪತ್ತು ವರ್ಷ ಅಮೆರಿಕದಲ್ಲಿದ್ದೂ ಬಿಯರ್ ಬಾಟಲಿ ಎತ್ತದ, ಮೊಟ್ಟೆ ಕೂಡ ಮುಟ್ಟದ ಗಂಡಸಿಗೆ ನಡುವಯಸ್ಸಿನಲ್ಲಿ ಒಬ್ಬ ಗೆಳೆಯ ಸಿಕ್ಕರೆ ಹೆಂಡತಿಯಾದವಳು ಸಂತೋಷಪಡಬೇಕು. ನಾನೂ ಪಟ್ಟೆ. ನಮ್ಮ ಮನೆಯವರ ಹೆಸರು ಗುರುಲಿಂಗಪ್ಪ. ಡೆಟ್ರಾಯಿಟ್ ಹತ್ತಿರದ ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಕ್ವಾಲಿಟಿ ಎಂಜಿನಿಯರು. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಇಡೀ ಲಾರಿ ಮಾಲನ್ನು ವಾಪಸು ಕಳಿಸುವುದೇ ಅವರ ಕೆಲಸ. ಮನೆಯಲ್ಲೂ ಅಷ್ಟೇ. ರೊಟ್ಟಿ ದುಂಡಗಾಗದಿದ್ದರೆ ಬಾಯಿಬಿಟ್ಟು ಹೇಳುವುದಿಲ್ಲ, ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಇಂಥವರಿಗೆ ಗೆಳೆಯರು ಎಲ್ಲಿಂದ ಬರಬೇಕು?

ಒಬ್ಬ ಬಂದ. ಡೇಲ್ ಅಂತ, ಇವರ ಮೇಲಧಿಕಾರಿ. ಅವನಿಗೆ ಗ್ಯಾರೇಜಿನಲ್ಲಿ ಕೂತು ತನ್ನ ಬಂದೂಕಿನ ಕಾಡತೂಸುಗಳನ್ನು ತಾನೇ ತುಂಬಿಕೊಳ್ಳುವ ಹವ್ಯಾಸ. ಖಾಲಿ ಹಿತ್ತಾಳೆ ಕೊಳವೆಯ ಬುಡಕ್ಕೆ ಕಿಡಿ ಹುಟ್ಟಿಸುವ ಪುಟ್ಟ ಪ್ರೈಮರ್ ಒತ್ತಿ, ಒಳಗೆ ಮದ್ದಿನ ಪುಡಿ ತೂಗಿ ಹಾಕಿ, ಬಾಯಿಗೆ ಗುಂಡು ಕೂರಿಸುವುದು. ನಮ್ಮಲ್ಲಿ ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಹಾಕಿದ ಹಾಗೆ ಇಲ್ಲಿನ ಗಂಡಸರು ರಜೆಯ ದಿನ ಇದನ್ನು ಮಾಡುತ್ತಾರೆ. ಒಂದು ದಿನ ಆಫೀಸಿನ ಊಟದ ಮೇಜಿನಲ್ಲಿ ಡೇಲ್, ತನ್ನ ತಕ್ಕಡಿ ಒಂದೊಂದು ಸಲ ಒಂದೊಂದು ತೂಕ ತೋರಿಸುತ್ತದೆ ಎಂದು ಗೊಣಗಿದನಂತೆ. ಇವರು ಚಪಾತಿ ಡಬ್ಬಿ ಮುಚ್ಚಿಟ್ಟು, ಆ ತಕ್ಕಡಿ ಹೀಟರಿನ ಗಾಳಿ ಬರುವ ಕಿಂಡಿಯ ಹತ್ತಿರ ಇದೆಯೇ ಎಂದು ಕೇಳಿದರಂತೆ. ಇತ್ತು. ಅಲ್ಲಿಂದ ಶುರುವಾಯಿತು.

ಶನಿವಾರ ಬಂತೆಂದರೆ ಇವರು ಡೇಲ್‌ನ ಗ್ಯಾರೇಜಿನಲ್ಲಿ. ಆತ ತುಂಬುವುದು, ಇವರು ಪಕ್ಕದಲ್ಲಿ ಕೂತು ತೂಕ, ಉದ್ದ ಓದಿ ಹೇಳುವುದು. ಬಂದೂಕಿನ ಹತ್ತಿರ ಹೋಗುತ್ತಿರಲಿಲ್ಲ. ಇವರ ಹಾಗೆ ಎಚ್-1 ಎಂಬ ಕೆಲಸದ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ ಎಂಬುದು ನಮ್ಮವರಿಗೆಲ್ಲ ಗೊತ್ತಿರುವ ಮಾತು. ಇವರಿಗಂತೂ ಕೆಂಪು ದೀಪ ಹತ್ತುವ ಮುಂಚೆಯೇ ಕಾರು ನಿಲ್ಲಿಸುವ ಅಭ್ಯಾಸ. ಆದರೆ ಆಫೀಸಿನಲ್ಲಿ ಜನ ಇವರನ್ನು ಹೆಸರು ಹಿಡಿದು ಕರೆಯತೊಡಗಿದರು, ಮನೆಯಲ್ಲಿ ಇವರು ಹಾಡು ಗುನುಗತೊಡಗಿದರು. ಹೀಗಿರುವಾಗ ಡೇಲ್ ಕಾಡತೂಸು ತುಂಬುವ ತನ್ನ ಹಳೆಯ ಒತ್ತು ಯಂತ್ರವನ್ನು ಇವರಿಗೆ ಕೊಟ್ಟು ಒಂದು ಪಂಥ ಕಟ್ಟಿದ. ನೀನೂ ಒಂದು ಡಬ್ಬಿ ತುಂಬು, ನಿನ್ನದನ್ನೂ ನನ್ನದನ್ನೂ ನಾನೇ ಹೊಡೆದು ನೋಡುತ್ತೇನೆ, ಯಾರ ಗುಂಡುಗಳು ಒಂದೇ ಕಡೆ ಬೀಳುತ್ತವೆ ನೋಡೋಣ ಎಂದ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಅದೇ ಹೊತ್ತಿಗೆ, ಹನ್ನೆರಡು ವರ್ಷ ಸಾಲಿನಲ್ಲಿ ನಿಂತ ಮೇಲೆ, ನಮ್ಮ ಗ್ರೀನ್ ಕಾರ್ಡಿನ ಸಂದರ್ಶನಕ್ಕೆ ಕರೆ ಬಂದಿತ್ತು. ಅದೊಂದು ಆದರೆ ನಾವು ಇಲ್ಲಿಯವರು, ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಇವರ ಕೆಲಸ, ದಂತವೈದ್ಯರ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ, ಫಾರ್ಮಿಂಗ್ಟನ್ ಹಿಲ್ಸ್‌ನ ಮನೆ ಎಲ್ಲ ಅದರ ಮೇಲೆ ನಿಂತಿದ್ದವು. ನನ್ನ ಅರ್ಜಿ ಇವರ ಅರ್ಜಿಯ ಬಾಲ. ಇವರದು ಹೋದರೆ ನನ್ನದೂ ಹೋಯಿತು. ಮಗಳು ಅನಿಕಾ ಇಲ್ಲೇ ಹುಟ್ಟಿದವಳು, ಆ್ಯನ್ ಆರ್ಬರ್‌ನಲ್ಲಿ ಓದುತ್ತಾಳೆ. ಅವಳನ್ನು ಯಾರೂ ಕಳಿಸುವುದಿಲ್ಲ. ಹೋಗುವುದಾದರೆ ಅವಳನ್ನು ಇಲ್ಲಿ ಬಿಟ್ಟು ನಾವಿಬ್ಬರೇ ಹೋಗಬೇಕು. ಆ ಯೋಚನೆ ಬಂದರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಶನಿವಾರ ನನ್ನ ಗೆಳತಿ ಸರಳಾಳ ಮಗಳು ಜಾನ್ವಿಯ ನಿಶ್ಚಿತಾರ್ಥ, ಷಿಕಾಗೋ ಹತ್ತಿರದ ಲೆಮಾಂಟ್ ದೇವಸ್ಥಾನದಲ್ಲಿ. ಬೆಳಗ್ಗೆ ಬೇಗ ಹೊರಟೆವು. ಕಲಾಮಜೂ ದಾಟುತ್ತಿದ್ದಂತೆ ಇವರು ಹೇಳದೆ ಕೇಳದೆ ಎಕ್ಸಿಟ್ ತಗೊಂಡು ಹೈವೇ ಇಳಿದು, ಬೇಟೆ ಮೀನುಗಾರಿಕೆಯ ಸಾಮಾನು ಮಾರುವ ದೊಡ್ಡ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದರು.

"ಇಲ್ಲೆ ಪ್ರೈಮರ್ ಸ್ಟಾಕ್ ಐತಂತ. ನಮ್ಮ ಕಡೆ ಎಲ್ಲೂ ಸಿಗವಲ್ವು. ಹಿಂಗ ಹೋಗಿ ಹಂಗ ಬರ್ತೀನಿ."

"ನಿಶ್ಚಿತಾರ್ಥ ಮುಗಿದ ಮ್ಯಾಲ ಹೋಗಿ ಬರೇ ಊಟ ಮಾಡಿ ಬರೂದೇನ್ರಿ?" ಎಂದೆ. ಇಳಕಲ್ ಸೀರೆ ಉಟ್ಟು ಪಾರ್ಕಿಂಗ್ ಲಾಟಿನಲ್ಲಿ ಕೂತಿದ್ದೆ. ಹೋಗಿ ಬರುವವರೆಲ್ಲ ಒಮ್ಮೆ ನೋಡಿಯೇ ಹೋಗುತ್ತಿದ್ದರು.

ಹಿಂಗ ಹೋದವರು ಹಂಗ ಬರಲಿಲ್ಲ. ಬಂದಾಗ ಎರಡೂ ಕೈಯಲ್ಲಿ ಚೀಲ, ಮುಖದಲ್ಲಿ ಜಾತ್ರೆಯಿಂದ ಬಂದವನ ಕಳೆ. ಒಂದೊಂದನ್ನೇ ತೆಗೆದು ತೋರಿಸಿದರು. ಹೊಸ ಹಿತ್ತಾಳೆ ಕೊಳವೆ, ತಾಮ್ರದ ಹೊದಿಕೆಯ ಗುಂಡು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮದ್ದಿನ ಪುಡಿ, ಪ್ರೈಮರಿನ ಪೆಟ್ಟಿಗೆ. ಆಮೇಲೆ ಆ ಪೆಟ್ಟಿಗೆಯ ಮೇಲಿನ ಬರಹ ಓದಿದರು, ತಿರುಗಿಸಿ ಮತ್ತೆ ಓದಿದರು.

"ಏನಾತ್ರಿ?"

"ದೊಡ್ಡ ಅಳತೀದು ತಂದೇನಿ. ಈ ಕೊಳವಿಗೆ ಸಣ್ಣದು ಬೇಕು."

ನಾನು ನಕ್ಕುಬಿಟ್ಟೆ. ಜಗತ್ತಿನ ಮಾಲಿನಲ್ಲೆಲ್ಲ ತಪ್ಪು ಹುಡುಕುವವರು ತಮಗೇ ತಪ್ಪು ಮಾಲು ತಂದಿದ್ದರು. ಮತ್ತೆ ಒಳಗೆ ಹೋಗಿ ಇನ್ನೊಂದು ಪೆಟ್ಟಿಗೆ ಹಿಡಿದು ಬಂದರು. ಮೊದಲಿನದೂ ಕೈಯಲ್ಲೇ ಇತ್ತು.

"ವಾಪಸ್ ತಗೊಳ್ಳೂದಿಲ್ಲಂತ. ಮದ್ದು, ಪ್ರೈಮರು ಒಮ್ಮಿ ಬಾಗಲಾ ದಾಟಿದ್ವಂದ್ರ ಅವು ನಮ್ಮವ" ಎಂದು ಎಲ್ಲವನ್ನೂ ಡಿಕ್ಕಿಯಲ್ಲಿಟ್ಟರು. ಅಂಗಡಿಯವರು ಇವರ ವಯಸ್ಸು ಬಿಟ್ಟು ಬೇರೇನೂ ಕೇಳಿರಲಿಲ್ಲ.

ಲೆಮಾಂಟ್ ಮುಟ್ಟಿದಾಗ ಉಂಗುರ ಬದಲಾಯಿಸುತ್ತಿದ್ದರು. ಸರಳಾ ದೂರದಿಂದಲೇ ಕಣ್ಣಲ್ಲೇ ಗದರಿದಳು. ಊಟಕ್ಕೆ ಕೂತಾಗ ಇವರ ಎದುರಿಗೆ ಸರಳಾಳ ಗಂಡ ರಮೇಶ್, ಅವರ ಪಕ್ಕದಲ್ಲಿ ಅವರ ತಂಗಿಯ ಮಗಳು ಶಾಂಭವಿ. ಹುಡುಗಿ ಇಲ್ಲೇ ಹುಟ್ಟಿ ಬೆಳೆದವಳು, ಇಮಿಗ್ರೇಷನ್ ಲಾಯರು. ಕನ್ನಡ ಚೆನ್ನಾಗಿ ಆಡುತ್ತಾಳೆ. ರಮೇಶ್ ಸುಮ್ಮನಿರಲಾರದೆ, ವೀಕೆಂಡ್ ಏನ್ ಮಾಡ್ತೀರಾ ಗುರು ಎಂದು ಕೇಳಿದರು. ಸಾಮಾನ್ಯವಾಗಿ ಹೂಂ ಉಹೂಂ ಅನ್ನುವ ಮನುಷ್ಯ ಆವತ್ತು ಬಾಯಿ ಬಿಟ್ಟರು. ಡೇಲ್, ತಕ್ಕಡಿ, ಪಂಥ, ಕೊನೆಗೆ ಬೆಳಗಿನ ಅಂಗಡಿ, ತಪ್ಪು ಪ್ರೈಮರು ಎಲ್ಲವನ್ನೂ ಹೇಳಿದರು. ಸುತ್ತಲಿನವರು ನಗುತ್ತಿದ್ದರು. ಶಾಂಭವಿ ಮಾತ್ರ ಚಮಚ ಕೆಳಗಿಟ್ಟಳು.

"ಅಂಕಲ್, ಮಧ್ಯೆ ಬಾಯಿ ಹಾಕ್ತಿದೀನಿ, ಸಾರಿ. ನಿಮಗೆ ಗ್ರೀನ್ ಕಾರ್ಡ್ ಬಂದಿದೆ ತಾನೆ?"

"ಮುಂದಿನ ತಿಂಗಳ ಇಂಟರ್‌ವ್ಯೂ ಐತವಾ" ಎಂದರು ಇವರು, ಹೋಳಿಗೆ ಮುರಿಯುತ್ತ.

"ಹಾಗಿದ್ರೆ ಈ ಮಾತು ಇಲ್ಲಿಗೇ ನಿಲ್ಸಿ. ಊಟ ಆದ್ಮೇಲೆ ಇಬ್ರೂ ಸ್ವಲ್ಪ ಹೊರಗೆ ಬನ್ನಿ."

ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ನಿಂತು ಅವಳು ಹೇಳಿದಳು. "ನಾನು ನಿಮ್ಮ ಲಾಯರ್ ಅಲ್ಲ, ಇದು ಮನೆ ಮಾತು ಅಂದ್ಕೊಳ್ಳಿ. ವೀಸಾದಲ್ಲಿರೋರು ಬಂದೂಕು ಮಾತ್ರ ಅಲ್ಲ, ಅಮ್ಯುನಿಷನ್, ಅಂದ್ರೆ ಮದ್ದುಗುಂಡೂ ಇಟ್ಕೊಳ್ಳೋ ಹಾಗಿಲ್ಲ."

"ಅಮ್ಯುನಿಷನ್ ಎಲ್ಲೈತಿ? ಬರೇ ಬಿಡಿ ಸಾಮಾನ. ಕೂಡಿಸಿದ ಮ್ಯಾಲ ಅಲ್ಲೇನು ಕಾಡತೂಸ ಆಗೂದು?"

"ಕಾನೂನಲ್ಲಿ ಹಾಗಿಲ್ಲ ಅಂಕಲ್. ಖಾಲಿ ಕೊಳವೆ, ಪ್ರೈಮರ್, ಗುಂಡು, ಪೌಡರ್ ಒಂದೊಂದನ್ನೂ ಅಮ್ಯುನಿಷನ್ ಅಂತಾನೇ ಕರೀತಾರೆ. ಕೂಡಿಸ್ಲಿ ಬಿಡ್ಲಿ."

ನಟ್ಟು ಬೋಲ್ಟನ್ನು ಕಾರು ಎಂದು ಕರೆಯುವ ಲೋಕ ಇವರಿಗೆ ಅರ್ಥವಾಗಲಿಲ್ಲ.

"ಹಂಟಿಂಗ್ ಲೈಸೆನ್ಸ್ ಇರೋರಿಗೆ ವಿನಾಯಿತಿ ಇದೆ. ನಿಮ್ಮ ಹತ್ರ ಇದೆಯಾ?" ಎಂದು ಶಾಂಭವಿ ಕೇಳಿದಳು.

ಇವರ ಕೈ ಅಂಗಿಯ ಮೇಲಿನಿಂದಲೇ ಎದೆಯ ಲಿಂಗದ ಮೇಲೆ ಹೋಯಿತು. "ನಾ? ಬ್ಯಾಟಿ?"

"ಇದೆಯಾ ಅಂತ ಕೇಳ್ದೆ ಅಷ್ಟೇ. ಇನ್ಮೇಲೆ ತಗೊಂಡ್ರೂ ಬೆಳಗ್ಗೆ ಮಾಡಿದ್ದಕ್ಕೆ ಅನ್ವಯ ಆಗಲ್ಲ."

ನೋಡಿ ನ್ಯಾಯ. ಜಿಂಕೆ ಹೊಡೆದು ತಿನ್ನುವವರಾಗಿದ್ದರೆ ನಮ್ಮ ಮನೆಯವರು ನಿರ್ದೋಷಿ. ಇರುವೆ ಗೂಡಿಗೆ ಸಕ್ಕರೆ ಹಾಕುವವರಾದ್ದರಿಂದ ಅಪರಾಧಿ. ನನಗೆ ಅಳು ಬರುವ ಮುಂಚೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

"ಯಾರಿಗೆ ಗೊತ್ತಾಗ್ತದ? ಯಾರೂ ನೋಡಿಲ್ಲ" ಎಂದೆ.

"ಆಂಟಿ, ಇಂಟರ್‌ವ್ಯೂನಲ್ಲಿ ಪ್ರಮಾಣ ಮಾಡಿಸಿ ಕೇಳ್ತಾರೆ. ಅರೆಸ್ಟ್ ಆಗದಿದ್ರೂ ಸರಿ, ಯಾವತ್ತಾದ್ರೂ ಅಪರಾಧ ಮಾಡಿದ್ದೀರಾ ಅಂತ. ಸುಳ್ಳು ಹೇಳಿ ಅಂತ ನಾನು ಹೇಳಲ್ಲ. ಸಿಕ್ಕಿಬಿದ್ರೆ ಆ ಸುಳ್ಳು ಇದಕ್ಕಿಂತ ಕೆಟ್ಟದು." ಆಮೇಲೆ ಇವರ ಕಡೆ ತಿರುಗಿದಳು. "ಗೊತ್ತಿರ್ಲಿಲ್ಲ ಅನ್ನೋದು ನಿಮ್ಮನ್ನ ಪೂರ್ತಿ ಕಾಪಾಡಲ್ಲ. ಆದ್ರೆ ಅದಕ್ಕೊಂದು ತೂಕ ಇದೆ. ಈಗ ಗೊತ್ತಾಗಿದೆ ಅಂಕಲ್. ಇನ್ಮುಂದೆ ಆ ತೂಕ ಇರಲ್ಲ."

ಡೆಟ್ರಾಯಿಟ್ ಕಡೆಯ ಒಬ್ಬ ಕ್ರಿಮಿನಲ್ ಲಾಯರ್ ನಂಬರು ಕೊಟ್ಟಳು. ಅಲ್ಲಿಂದಲೇ ಫೋನ್ ಮಾಡಿದೆವು. ಸೋಮವಾರ ಕರೆಮಾಡಿ ಎಂದು ಯಂತ್ರ ಹೇಳಿತು.

ಮರಳುವ ದಾರಿ ಮುಗಿಯಲೇ ಇಲ್ಲ. ಬೆಳಗ್ಗೆ ಇದೇ ಕಾರಿನಲ್ಲಿ ಚೂಡಾ ತಿನ್ನುತ್ತ ಬಂದಿದ್ದೆವು. ಈಗ ಆ ಚೂಡಾದ ಡಬ್ಬಿಗೆ ಯಾರೂ ಕೈ ಹಾಕಲಿಲ್ಲ. ಇವರು ಬಲಗಡೆಯ ಲೇನ್ ಹಿಡಿದು, ಮಿತಿಗಿಂತ ಕಡಿಮೆ ಸ್ಪೀಡಿನಲ್ಲಿ, ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಹಿಡಿದು ಹೋಗುತ್ತಿದ್ದರು. ಹಿಂದಿನ ಟ್ರಕ್ಕುಗಳು ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದವು. ಇಂಡಿಯಾನಾದಲ್ಲಿ ಪೊಲೀಸ್ ಕಾರೊಂದು ಹಿಂದೆ ಬಂದು, ಸ್ವಲ್ಪ ದೂರ ಹಾಗೇ ಬಂದು, ಆಮೇಲೆ ದಾಟಿ ಹೋಯಿತು. ನನ್ನ ಸೀರೆ ಬೆನ್ನಿಗೆ ಅಂಟಿಕೊಂಡಿತ್ತು.

"ಯಾವದಾರ ಗ್ಯಾಸ್ ಸ್ಟೇಷನ್ನಿನ ಕಸದ ಡಬ್ಬಿಗೆ ಹಾಕಿಬಿಡೂಣ್ರಿ" ಎಂದೆ.

"ಕಸದ ಲಾರಿ ಅದನ್ನ ಒತ್ತತೈತಿ ಸ್ವರೂಪಾ. ಪ್ರೈಮರ್ ಸಿಡಿದ್ರ ಆ ಮನಷ್ಯಾನ ಗತಿ ಏನು?"

"ಕೆರಿಗೆ?"

"ನೀರಾಗ ಮದ್ದು ಸುರವಬೇಕೇನು?"

"ಹಂಗಾರ ಪೊಲೀಸ್ರಿಗೇ ಒಯ್ದು ಕೊಡ್ರಿ. ನಮಸ್ಕಾರ ಮಾಡಿ, ಹೆಸರು ಬರಸಿ ಬರ್ರಿ."

ಅಂಗಡಿಯವರು ತಗೊಳ್ಳುವುದಿಲ್ಲ, ಎಸೆಯಲು ಇವರು ಬಿಡುವುದಿಲ್ಲ, ಇಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ. ಬಿಸಿ ತುಪ್ಪ ಬಾಯಲ್ಲಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಅದೆಲ್ಲಕ್ಕಿಂತ ನನ್ನನ್ನು ಉರಿಸಿದ್ದು, ಇಂಥ ಹೊತ್ತಿನಲ್ಲೂ ಇವರಿಗೆ ಕಸದ ಲಾರಿಯವನ ಚಿಂತೆ ಇದ್ದದ್ದು.

ಬ್ಯಾಟಲ್ ಕ್ರೀಕ್ ದಾಟಿದ ಮೇಲೆ ಅನಿಕಾ ಫೋನ್ ಮಾಡಿದಳು. ಹೇಗೂ ಆ್ಯನ್ ಆರ್ಬರ್ ಮೇಲೆ ಬರುತ್ತೀರಲ್ಲ, ನನ್ನನ್ನೂ ಕರಕೊಂಡು ಹೋಗಿ, ಬಟ್ಟೆ ಒಗೆಯುವುದಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆ ಕಾರಿನಲ್ಲಿ ಮಗಳನ್ನು ಕೂರಿಸಲು ನನಗೆ ಧೈರ್ಯವಾಗಲಿಲ್ಲ. "ಇವತ್ತ ಬ್ಯಾಡವಾ, ಲೇಟಾಗತೈತಿ" ಎಂದೆ. "ಓಕೆ, ವಾಟೆವರ್" ಎಂದು ಇಟ್ಟಳು. ಅವಳ ಊರಿನ ಎಕ್ಸಿಟ್ ಬಂದಾಗ ಇವರು ಕಾರು ಇನ್ನಷ್ಟು ನಿಧಾನ ಮಾಡಿದರು, ಆದರೆ ತಿರುಗಿಸಲಿಲ್ಲ.

ಕೊನೆಗೆ ಉಳಿದದ್ದು ಡೇಲ್. ಆತ ಇಲ್ಲಿಯವನು, ಮನೆ ತುಂಬ ಇದೇ ಸಾಮಾನು ಇಟ್ಟುಕೊಂಡವನು. ಅವನಿಗೆ ಕೊಟ್ಟರೆ ಯಾರಿಗೂ ಕೇಡಿಲ್ಲ. ಆದರೆ ಯಾಕೆ ಕೊಡುತ್ತಿದ್ದೀರಿ ಎಂದು ಕೇಳಿದರೆ ಹೇಳಬೇಕು, ಹೇಳಿದರೆ ನಮ್ಮ ಜುಟ್ಟು ಮೇಲಧಿಕಾರಿಯ ಕೈಗೆ. ಬೇರೆ ದಾರಿ ಇಲ್ಲದೆ ಅವನ ಮನೆಯಿದ್ದ ಪ್ಲಿಮತ್‌ಗೆ ಹೋದೆವು. ಇನ್ನೂ ಬೆಳಕಿತ್ತು. ಆ ಬೀದಿಯಲ್ಲಿ ಜನ ಹುಲ್ಲು ಕತ್ತರಿಸುತ್ತ, ನಾಯಿ ತಿರುಗಾಡಿಸುತ್ತ ಇದ್ದರು. ಡೇಲ್‌ನ ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು, ಒಳಗೆ ರೇಡಿಯೋ ಕೇಳಿಸುತ್ತಿತ್ತು.

ಇವರು ಇಳಿದು ಹೋಗಿ ಡಿಕ್ಕಿ ತೆಗೆದರು. ತೆಗೆದು, ಚೀಲಗಳನ್ನು ನೋಡುತ್ತ ನಿಂತರು. ಕೈ ಮುಂದೆ ಹೋಗಲಿಲ್ಲ.

"ತಗೋರಿ ಲಗೂನ. ಏನ್ ನೋಡಾಕತ್ತೀರಿ?"

"ಗೊತ್ತಾದ ಮ್ಯಾಲ ಹೆಂಗ ಮುಟ್ಲಿ? ಡೇಲ್‌ನ್ನ ಇಲ್ಲಿಗೇ ಕರೀತೀನಿ. ಅಂವಾ ಬಂದು ಅಂವನ ಕೈಲೇ ತಗೋಲಿ."

ಪಕ್ಕದ ಮನೆಯವನು ಹುಲ್ಲಿನ ಯಂತ್ರ ನಿಲ್ಲಿಸಿ ನಮ್ಮ ಕಡೆಗೇ ನೋಡುತ್ತಿದ್ದ. ಬೆಳಗಿನಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟೆಲ್ಲ ನನಗೆ ಒಂದೇ ಸಲ ನೆತ್ತಿಗೇರಿತು. "ಸಾಕು ಮಾಡ್ರಿ ನಿಮ್ಮ ಶಾಸ್ತ್ರ" ಎಂದು ಎರಡೂ ಚೀಲ ಎತ್ತಿಕೊಂಡೆ. ಭಾರವಾಗಿದ್ದವು. ಸೀರೆಯ ನಿರಿಗೆ ಕಾಲಿಗೆ ಸಿಕ್ಕರೂ ನಿಲ್ಲದೆ ಹೋಗಿ ಡೇಲ್‌ನ ಮೇಜಿನ ಮೇಲೆ ಇಟ್ಟೆ. ಆತ ರೇಡಿಯೋ ಸಣ್ಣದು ಮಾಡಿ ನನ್ನನ್ನೂ ಚೀಲಗಳನ್ನೂ ನೋಡಿದ.

ಹಿಂದೆಯೇ ಬಂದ ಇವರು ಹೇಳಬೇಕಾದ್ದನ್ನು ಹೇಳಿದರು. ಡೇಲ್ ನಂಬಲಿಲ್ಲ. ಇಷ್ಟು ವರ್ಷದಿಂದ ಇದ್ದೀಯಲ್ಲ, ನೀನು ಎಂದೋ ಸಿಟಿಜನ್ ಆಗಿದ್ದೀ ಎಂದುಕೊಂಡಿದ್ದೆ ಎಂದ. ಇವರ ವೀಸಾ ಅರ್ಜಿಗಳಿಗೆ ಬೇಕಾದ ಪತ್ರಕ್ಕೆ ವರ್ಷವರ್ಷವೂ ಸಹಿ ಹಾಕುತ್ತಿದ್ದವನು ಅವನೇ. ಏನಕ್ಕೆ ಸಹಿ ಎಂದು ಓದಿರಲಿಲ್ಲ. ಕೆಟ್ಟವನಲ್ಲ, ಪಾಪ. ಯಾರಿಗೂ ಹೇಳುವುದಿಲ್ಲ ಎಂದು ಇವರ ಭುಜ ತಟ್ಟಿದ. ಬೇಟೆ ಲೈಸೆನ್ಸಿಗೆ ಬೇಕಾದ ಕ್ಲಾಸಿಗೆ ತಾನೇ ಹೆಸರು ಹಚ್ಚಿಸುತ್ತೇನೆ, ನವೆಂಬರಿನಲ್ಲಿ ಜೊತೆಗೆ ಕಾಡಿಗೆ ಹೋಗೋಣ ಎಂದೂ ಹೇಳಿದ. ಇವರು ಥ್ಯಾಂಕ್ಸ್ ಹೇಳಿ ಬಂದು ಕಾರಿನಲ್ಲಿ ಕೂತರು. ಮುಂದಿನ ಶನಿವಾರ ಹೋಗಲಿಲ್ಲ. ಒತ್ತು ಯಂತ್ರವನ್ನೂ ಆಫೀಸಿಗೇ ಒಯ್ದು ಕೊಟ್ಟುಬಂದರು.

ಡಿಕ್ಕಿ ಖಾಲಿಯಾಯಿತು, ಮನಸ್ಸು ಆಗಲಿಲ್ಲ. ಸೋಮವಾರ ಆ ಲಾಯರು ಸಿಕ್ಕ. ಸಂದರ್ಶನ ಮುಂದಕ್ಕೆ ಹಾಕಿಸಿ, ಎಲ್ಲ ಕಾಗದ ತಂದು ತೋರಿಸಿ, ಆಮೇಲೆ ನೋಡೋಣ ಎಂದ. ಮುಂದಕ್ಕೆ ಎಂದರೆ ಮತ್ತೆ ಎಷ್ಟು ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಕಂಪನಿಯಲ್ಲಿ ಜನರನ್ನು ತೆಗೆಯುವ ಮಾತು ನಡೆದಿತ್ತು. ತೆಗೆದರೆ ಅರ್ಜಿಯೇ ಅತಂತ್ರ. ಮುಂದಕ್ಕೆ ಹಾಕಿದರೆ ಕಂಪನಿಯ ಲಾಯರು ಯಾಕೆ ಎಂದು ಕೇಳುತ್ತಾನೆ. ಅತ್ತ ದರಿ, ಇತ್ತ ಪುಲಿ. ಮುಂದಕ್ಕೆ ಹಾಕುವುದು ಬೇಡ ಎಂದು ನಾನೇ ನಿರ್ಧಾರ ಮಾಡಿಬಿಟ್ಟೆ.

"ನೋ ಅನ್ನೂದು ಒಂದು ಅಕ್ಷರ. ಅಷ್ಟ ಅಂದ ಬರ್ರಿ" ಎಂದೆ.

ಅಂದಿನಿಂದ ಅದೇ ನಮ್ಮ ಮನೆಯ ಪಾಠ. ಸಂಜೆ ಚಹಾ ಕೊಡುವಾಗ, ಅರಿವೆ ಮಡಿಸುವಾಗ ನಾನು ಅಧಿಕಾರಿಯಾಗುತ್ತಿದ್ದೆ. ಎಂದಾದರೂ ತೆರಿಗೆ ಕದ್ದಿದ್ದೀರಾ? ನೋ. ಸುಳ್ಳು ಹೆಸರು ಇಟ್ಟುಕೊಂಡಿದ್ದೀರಾ? ನೋ. ಅಪರಾಧ ಮಾಡಿದ್ದೀರಾ? ಅಲ್ಲಿಗೆ ಬಂದರೆ ಇವರು ಬಟ್ಟಲು ಕೆಳಗಿಟ್ಟು ಕಿಟಕಿ ನೋಡುತ್ತಿದ್ದರು. ನಾನು ಬೈದೆ, ಅತ್ತು ಕರೆದೆ, ಅನಿಕಾಳ ಹೆಸರು ಎತ್ತಿದೆ. ನೀವು ಸತ್ಯಹರಿಶ್ಚಂದ್ರ ಆದರೆ ಸುಡುಗಾಡು ಕಾಯುವವಳು ನಾನೇ ಎಂದೂ ಹೇಳಿದೆ. ಕೊನೆಗೆ ಒಂದು ದಿನ, "ಆತು, ಅಂತೀನಿ" ಎಂದರು. ಅವತ್ತು ರಾತ್ರಿ ನನಗೆ ನಿದ್ದೆ ಬಂತು.

ಡೆಟ್ರಾಯಿಟ್‌ನ ಇಮಿಗ್ರೇಷನ್ ಕಚೇರಿಯ ಕೋಣೆಗೆ ಕಿಟಕಿ ಇರಲಿಲ್ಲ. ಮೇಜಿನ ಆಚೆ ನಡುವಯಸ್ಸಿನ ಹೆಂಗಸು, ಈಚೆ ನಾವಿಬ್ಬರು. ಬಲಗೈ ಎತ್ತಿಸಿ ಇಬ್ಬರಿಂದಲೂ ಪ್ರಮಾಣ ಮಾಡಿಸಿದಳು. ಕಾಗದಗಳನ್ನು ನೋಡಿದಳು, ಇವರ ಕೆಲಸದ ಬಗ್ಗೆ ಕೇಳಿದಳು, ತನ್ನ ಅಣ್ಣನೂ ಕಾರಿನ ಕಂಪನಿಯಲ್ಲೇ ಇದ್ದ ಎಂದು ನಕ್ಕಳು. ಆಮೇಲೆ ತಲೆ ಎತ್ತದೆ ಸಾಲಾಗಿ ಪ್ರಶ್ನೆ ಓದುತ್ತ ಹೋದಳು. ಇವರು ನೋ, ನೋ ಎನ್ನುತ್ತ ಬಂದರು. ಅಡ್ಡಿಯಿಲ್ಲ, ಪಾಠ ಚೆನ್ನಾಗಿ ಬಂದಿದೆ ಎಂದುಕೊಂಡೆ.

ಬಂಧನವಾಗದಿದ್ದರೂ, ಎಂದಾದರೂ ಅಪರಾಧ ಮಾಡಿದ್ದೀರಾ ಎಂದು ಕೇಳಿದಳು.

ಇವರು ಸುಮ್ಮನಾದರು. ಅವಳು ತಲೆ ಎತ್ತಿದಳು. ನಾನು ಮೇಜಿನ ಕೆಳಗೆ ಇವರ ಕಾಲು ತುಳಿದೆ.

ಯೆಸ್ ಎಂದರು. ಕಂಪನಿಯಲ್ಲಿ ಮಾಲಿನ ತಪ್ಪು ವರದಿ ಮಾಡುವ ಅದೇ ದನಿಯಲ್ಲಿ, ಕಲಾಮಜೂ ಅಂಗಡಿಯಿಂದ ಶುರುಮಾಡಿ ಎಲ್ಲ ಹೇಳಿದರು. ಬಿಡಿ ಸಾಮಾನೂ ಅಮ್ಯುನಿಷನ್ ಎಂದು ತಮಗೆ ಗೊತ್ತಿರಲಿಲ್ಲ, ಅದೇ ದಿನ ಗೊತ್ತಾಯಿತು, ಅದೇ ದಿನ ಇಲ್ಲಿನ ಪ್ರಜೆಯೊಬ್ಬರಿಗೆ ಕೊಟ್ಟುಬಿಟ್ಟೆ ಎಂದರು. ಹನ್ನೆರಡು ವರ್ಷ ಕಾದದ್ದು ಅಷ್ಟು ಹೊತ್ತಿನಲ್ಲಿ ಮುಗಿದುಹೋಯಿತು. ಇವರ ಕೊರಳುಪಟ್ಟಿ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು.

ಅಧಿಕಾರಿ ಪೆನ್ನು ಕೈಗೆತ್ತಿಕೊಂಡಳು. ಗೊತ್ತಾದ ಮೇಲೆ ಆ ಸಾಮಾನನ್ನು ಕಾರಿನಿಂದ ತೆಗೆದು ಒಳಗೆ ಒಯ್ದವರು ಯಾರು ಎಂದು ಕೇಳಿದಳು.

ಆಗ ನನಗೆ ಹೊಳೆಯಿತು. ಅಷ್ಟು ದಿನ ಇವರ ತಪ್ಪು, ಇವರ ತಪ್ಪು ಎಂದು ಬಡಕೊಂಡಿದ್ದೆ. ಇವರು ತಿಳಿಯದೆ ಕೊಂಡರು, ತಿಳಿದ ಮೇಲೆ ಬೆರಳೂ ತಾಗಿಸಲಿಲ್ಲ. ಎಲ್ಲ ತಿಳಿದೂ ಎರಡು ಕೈಯಲ್ಲಿ ಎತ್ತಿಕೊಂಡು ಹೋದವಳು ನಾನು. ನಾನಿದ್ದದ್ದೂ ವೀಸಾದಲ್ಲೇ.

"ಐ ಡಿಡ್" ಎಂದರು ಇವರು. ಹೆಂಡತಿ ಕಾರಿನಲ್ಲಿ ಮಲಗಿದ್ದಳು, ಅವಳಿಗೆ ಇದರಲ್ಲಿ ಏನೂ ಗೊತ್ತಿಲ್ಲ ಎಂದೂ ಸೇರಿಸಿದರು. ಒಂದು ಚೂರೂ ತಡವರಿಸಲಿಲ್ಲ. ಮದುವೆಯಾದಾಗಿನಿಂದ ಈ ಮನುಷ್ಯನ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು.

ಅಧಿಕಾರಿ ನನ್ನ ಕಡೆ ತಿರುಗಿ, ಇದು ಸರಿಯೇ ಎಂದು ಕೇಳಿದಳು.

ಅಲ್ಲ ಎಂದರೆ ಇವರು ಪ್ರಮಾಣ ಮಾಡಿ ಸುಳ್ಳು ಹೇಳಿದವರಾಗುತ್ತಾರೆ, ಅಷ್ಟು ಕಷ್ಟಪಟ್ಟು ಹೇಳಿದ ಸತ್ಯಕ್ಕೂ ಬೆಲೆ ಇರುವುದಿಲ್ಲ. ಹೌದು ಎಂದರೆ ಇವರನ್ನು ಒಬ್ಬರನ್ನೇ ಅಲ್ಲಿ ನಿಲ್ಲಿಸಿ ನಾನು ಪಕ್ಕಕ್ಕೆ ಸರಿದಂತೆ. ಇವರು ನನ್ನ ಕಡೆ ನೋಡಲಿಲ್ಲ, ಮೇಜನ್ನೇ ನೋಡುತ್ತಿದ್ದರು.

"ಕರೆಕ್ಟ್" ಎಂದೆ. ನನ್ನ ದನಿಯೂ ನಡುಗಲಿಲ್ಲ.

ಅವಳು ಬರೆದುಕೊಂಡಳು. ಇವತ್ತೇ ಏನೂ ಹೇಳಲಾಗುವುದಿಲ್ಲ, ನಿರ್ಧಾರ ಅಂಚೆಯಲ್ಲಿ ಬರುತ್ತದೆ ಎಂದಳು. ಎದ್ದು ನಿಂತು ಇಬ್ಬರ ಕೈಯನ್ನೂ ಕುಲುಕಿದಳು.

ಕಾರಿನಲ್ಲಿ ಕೂತ ಮೇಲೆ ನಾನು ಬೈಯಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. "ನನ್ನ ಯಾಕ ಉಳಿಸಾಕ ಹೋದ್ರಿ? ನಿಮ್ಮದು ಹೋದ್ರ ನಂದೂ ಜೋಡೀನ ಹೋಕ್ಕೈತಿ. ಗೊತ್ತಿಲ್ಲೇನು?"

"ಗೊತ್ತೈತಿ" ಎಂದರು. ಕೀ ಹಾಕಿ, ಹಾಗೇ ಕೂತರು. "ಆದ್ರ ಅನಿಕಾ ಇಲ್ಲಿ ಸಿಟಿಜನ್ನು, ಇಪ್ಪತ್ತೊಂದಾದ ಮ್ಯಾಲ ಅಕಿ ಅವ್ವನ್ನ ಕರಸ್ಕೋಬೌದು. ಅಷ್ಟೊತ್ತಿಗೆ ನಿನ್ನ ಹೆಸರ ಮ್ಯಾಲ ಏನೂ ಇರಬಾರದು."

"ನಿಮ್ಮನ್ನ?"

"ನನ್ನ ಹೆಸರ ಮ್ಯಾಲ ಇರತೈತಲ್ಲ" ಎಂದು ಸೀಟ್ ಬೆಲ್ಟ್ ಹಾಕಿಕೊಂಡರು.

ನನಗೆ ಅಳು ತಡೆಯಲಾಗಲಿಲ್ಲ. ನಾನು ಒಂದಕ್ಷರದ ಪಾಠ ಹೇಳಿಕೊಡುತ್ತಿದ್ದಾಗ ಇವರು ಕಿಟಕಿ ನೋಡುತ್ತ ಈ ಲೆಕ್ಕ ಹಾಕಿದ್ದರು. ನಾನು ಮಗಳ ಹತ್ತಿರ ಇಲ್ಲಿ, ಇವರು ಊರಲ್ಲಿ ಒಬ್ಬರೇ. ಎಲ್ಲ ಅಳೆದು ತೂಗಿದ್ದ ಮನುಷ್ಯ, ಕೊನೆಯಲ್ಲಿ ಆ ಹೆಂಗಸು ನನ್ನ ಕಡೆ ತಿರುಗುತ್ತಾಳೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ತಗೊಂಡಿರಲಿಲ್ಲ. ನಾನೂ ಕೈ ಎತ್ತಿ ಪ್ರಮಾಣ ಮಾಡಿದ್ದೆ, ಆಮೇಲೆ ಸುಳ್ಳಿಗೆ ಹೌದು ಎಂದಿದ್ದೆ. ಚೊಕ್ಕವಾಗಿಡಬೇಕೆಂದಿದ್ದ ನನ್ನ ಹೆಸರಿಗೆ ಇವರ ಪಕ್ಕದಲ್ಲೇ ಕೂತು ನಾನೇ ಮಸಿ ಬಳಿದುಕೊಂಡಿದ್ದೆ.

ಅಂಚೆ ಇನ್ನೂ ಬಂದಿಲ್ಲ. ಇವರು ಆಫೀಸಿಗೆ ಹೋಗಿಬರುತ್ತಾರೆ, ಸಂಜೆ ಬಂದು ಮೊದಲು ಅಂಚೆ ಡಬ್ಬಿ ನೋಡುತ್ತಾರೆ. ಏನೇ ಬರಲಿ, ನೀನು ಮಗಳ ಜೊತೆ ಇರುತ್ತೀ ಎಂಬ ಸಮಾಧಾನದಿಂದ ಊಟ ಮಾಡುತ್ತಾರೆ. ನಾನು ಎದುರಿಗೆ ಕೂತು ರೊಟ್ಟಿ ಹಾಕುತ್ತೇನೆ. ಆ ಸಮಾಧಾನವೂ ಉಳಿದಿಲ್ಲ ಎಂದು ಇವರಿಗೆ ಇನ್ನೂ ಹೇಳಿಲ್ಲ.